ಗುಡ್ಡದ ಟವರ್‌ಗೆ ಬೇರೆಯೇ ಚಾನೆಲ್: ನನ್ನ ಅನುಭವ

ಮೊಬೈಲ್ ಟವರ್‌ಗಳಿಗೆ ಫ್ರೀಕ್ವೆನ್ಸಿ ಹಂಚುವುದು ನನ್ನ ಕೆಲಸ. ಜಿಎಸ್‌ಎಂ (2ಜಿ) ಕಾಲದಲ್ಲಿ ನಮ್ಮ ಕೈಯಲ್ಲಿದ್ದದ್ದು 6.2 ಮೆಗಾಹರ್ಟ್ಸ್ ತರಂಗಾಂತರ. ಒಂದು ಚಾನೆಲ್‌ಗೆ 200 ಕಿಲೋಹರ್ಟ್ಸ್, ಅಂದರೆ ಒಟ್ಟು 31 ಚಾನೆಲ್. ಇಡೀ ಕರ್ನಾಟಕಕ್ಕೆ ಇದನ್ನೇ ಹಂಚಬೇಕು. ಒಂದೇ ಚಾನೆಲ್ ಮತ್ತೆ ಮತ್ತೆ ಬಳಸದೆ ಬೇರೆ ದಾರಿ ಇಲ್ಲ. ತೀರಾ ಹತ್ತಿರ ಬಳಸಿದರೆ ಒಂದರ ಸಿಗ್ನಲ್ ಇನ್ನೊಂದನ್ನು ಕೆಡಿಸುತ್ತದೆ. ಎಷ್ಟು ದೂರ ಬಿಟ್ಟು ಬಳಸಬೇಕು ಅನ್ನೋದೇ ಈ ಕೆಲಸದ ಜೀವ.

ನಾನು 15 ಚಾನೆಲ್‌ಗಳನ್ನು ಬಿಸಿಸಿಎಚ್‌ಗೆ, ಅಂದರೆ ಟವರ್ ತನ್ನ ಗುರುತು ಸಾರುವ ಚಾನೆಲ್‌ಗೆ, ಎತ್ತಿಡುತ್ತಿದ್ದೆ, ಉಳಿದ 16 ಹಾಪಿಂಗ್‌ಗೆ (ಕಾಲ್ ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತಾ ಸಾಗುವ ವಿಧಾನ). ಬಿಸಿಸಿಎಚ್ ಹಗಲೂ ರಾತ್ರಿ ಪೂರ್ತಿ ಪವರ್‌ನಲ್ಲೇ ಇರುತ್ತದೆ. ಅದು ಕೆಟ್ಟರೆ ಕಾಲ್ ಶುರುವಾಗುವುದೇ ಕಷ್ಟ.

ಬಯಲುಸೀಮೆಯಲ್ಲಿ ಇದು ಸಲೀಸು. ಚಿಕ್ಕಮಗಳೂರಿನ ಕಡೆ ಹಾಗಲ್ಲ. ಬಾಬಾಬುಡನ್‌ಗಿರಿ ಸಾಲಿನ ಮೇಲಿನ ಟವರ್‌ಗೆ ಕಡೂರಿನ ಬಯಲು ನೇರ ಕಾಣುತ್ತದೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಸಿಗ್ನಲ್ ಎಲ್ಲಿ ನಿಲ್ಲುತ್ತದೆ?

ಸಖರಾಯಪಟ್ಟಣದ ಹತ್ತಿರ ಡ್ರೈವ್ ಟೆಸ್ಟ್ (ವಾಹನದಲ್ಲಿ ಓಡಾಡಿ ಸಿಗ್ನಲ್ ಅಳೆಯುವುದು) ಮಾಡುವಾಗ ಸಿಗ್ನಲ್ ಮೈನಸ್ 75 ಡಿಬಿಎಂ, ಫೋನಿನಲ್ಲಿ ಎಲ್ಲ ಕಡ್ಡಿಗಳೂ ಇವೆ. ಆದರೆ ಸಿಗ್ನಲ್‌ನ ಗುಣಮಟ್ಟ ಅಳೆಯುವ ಆರ್‌ಎಕ್ಸ್‌ಕ್ವಾಲ್ 6, 7. ಏಳಕ್ಕಿಂತ ಕೆಟ್ಟದ್ದು ಆ ಅಳತೆಯಲ್ಲೇ ಇಲ್ಲ. ಮಾತು ತುಂಡುತುಂಡಾಗಿ ಕೇಳುತ್ತಿತ್ತು. ರಾತ್ರಿ ಅಲ್ಲಿನ ಸೆಕ್ಟರ್ (ಟವರ್‌ನ ಒಂದು ದಿಕ್ಕಿನ ಆಂಟೆನಾ) ಲಾಕ್ ಮಾಡಿಸಿ, ಅಂದರೆ ನಿಲ್ಲಿಸಿ, ಅದೇ ಚಾನೆಲ್ ಸ್ಕ್ಯಾನ್ ಮಾಡಿದೆ. ಖಾಲಿ ಇರಬೇಕಿತ್ತು, ಇರಲಿಲ್ಲ. ಬಿಎಸ್‌ಐಸಿ (ಸೆಕ್ಟರ್‌ನ ಗುರುತಿನ ಸಂಕೇತ) ಓದಿದರೆ ಗುಡ್ಡದ ಮೇಲಿನ ಸೆಕ್ಟರ್! ಅದರ ಟೈಮಿಂಗ್ ಅಡ್ವಾನ್ಸ್ (ಫೋನ್ ಟವರ್‌ನಿಂದ ಎಷ್ಟು ದೂರ ಇದೆ ಅಂತ ತೋರಿಸುವ ಎಣಿಕೆ) ವರದಿ ತೆಗೆಸಿದೆ. 40 ದಾಟಿದ ಕಾಲ್‌ಗಳೂ ಇದ್ದವು. ಒಂದು ಮೆಟ್ಟಿಲು ಅಂದರೆ ಸುಮಾರು 550 ಮೀಟರ್. 40 ಅಂದರೆ 22 ಕಿಲೋಮೀಟರ್.

ಆಂಟೆನಾ ಕೆಳಕ್ಕೆ ಬಗ್ಗಿಸಿ ಅಂತ ಎಲ್ಲರೂ ಹೇಳುತ್ತಾರೆ. ಬಗ್ಗಿಸಿದೆವು, ಸ್ವಲ್ಪ ತಗ್ಗಿತು. ಇನ್ನೂ ಬಗ್ಗಿಸಿದರೆ ಎದುರಿನ ದಿಬ್ಬದ ಕಾಫಿ ತೋಟದ ಲೈನ್ ಮನೆಗಳಿಗೆ ಸಿಗ್ನಲ್ಲೇ ಇಲ್ಲದಂತಾಗುತ್ತಿತ್ತು. ಆ ಜನಕ್ಕೆ ಇರೋದು ಅದೊಂದೇ ಟವರ್ ಅಲ್ವಾ? ಅದಕ್ಕೆ ನಾನು ಒಪ್ಪಲಿಲ್ಲ.

ಬದಲಿಗೆ 15ರಲ್ಲಿ ಮೂರು ಚಾನೆಲ್‌ಗಳನ್ನು ಗುಡ್ಡದ ಟವರ್‌ಗಳಿಗೇ ಮೀಸಲಿಟ್ಟೆ. ಅಲ್ಲಿಂದ ಕಾಣುವ ಬಯಲಿನಲ್ಲಿ ಅವನ್ನು ಯಾರಿಗೂ ಕೊಡಲಿಲ್ಲ. ಬಯಲಿಗೆ 12 ಉಳಿದವು: ನಾಲ್ಕು ಟವರ್, ತಲಾ ಮೂರು ಸೆಕ್ಟರ್, ಸರಿಯಾಗಿ ಒಂದು ಸುತ್ತು. ಗುಡ್ಡದ ಟವರ್‌ಗಳು ಒಂದಕ್ಕೊಂದು ಕಾಣದ ಹಾಗೆ ಮರೆಯಲ್ಲಿದ್ದರೆ ಮಾತ್ರ ಆ ಮೂರನ್ನು ಮತ್ತೆ ಬಳಸಿದೆ. ಇದಕ್ಕೆ ಎತ್ತರದ ನಕ್ಷೆ ಬೇಕೇ ಬೇಕು; ಸುಮ್ನೆ ದೂರ ಅಳೆದರೆ ಸಾಲದು. ಅದೇ ರಸ್ತೆಯಲ್ಲಿ ಮತ್ತೆ ಓಡಿಸಿದಾಗ ಆರ್‌ಎಕ್ಸ್‌ಕ್ವಾಲ್ ಜಾಸ್ತಿ ಕಡೆ 0ರಿಂದ 2ರೊಳಗೆ ಬಂತು.

4ಜಿಯಲ್ಲಿ ಎಲ್ಲ ಟವರ್‌ಗೂ ಒಂದೇ ಫ್ರೀಕ್ವೆನ್ಸಿ ಹಾಕುತ್ತೇವೆ, ಹಂಚುವುದು 504 ಪಿಸಿಐಗಳನ್ನು, ಅಂದರೆ ಸೆಕ್ಟರ್‌ಗಳ ಗುರುತು ಸಂಖ್ಯೆಗಳನ್ನು. ಅಲ್ಲೂ ಗುಡ್ಡಗಳಿಗೆ ಬೇರೆ ಗುಂಪು ಇಡುತ್ತೇನೆ. ಆ ಸಂಖ್ಯೆಯನ್ನು ಮೂರರಿಂದ ಭಾಗಿಸಿದಾಗ ಉಳಿಯುವ ಶೇಷ, ಎದುರಿನ ಬಯಲಿನ ಸೆಕ್ಟರ್‌ನ ಶೇಷವೂ ಒಂದೇ ಆಗದ ಹಾಗೆ ನೋಡಿಕೊಳ್ಳುತ್ತೇನೆ.