ಬಲ್ಬಿನ ಬುಡದಲ್ಲೊಂದು ತಾರೀಖು: ಅಪ್ಪನ ನೆನಪನ್ನು ಮನೆಯೊಳಗೆ ಇಟ್ಟುಕೊಳ್ಳುವ ಬಗೆ

ಅಪ್ಪ ಹೊಸ ಬಲ್ಬ್ ಹಾಕುವ ಮೊದಲು ಅದರ ಬುಡದಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಖು ಬರೆಯುತ್ತಿದ್ದರು. ಗೋಡೆ ಗಡಿಯಾರದ ಹಿಂದೆ ಸೆಲ್ ಬದಲಿಸಿದ ತಾರೀಖು. ಒಮ್ಮೆ ಪೊರಕೆ ಹಿಡಿಯ ಮೇಲೂ ಬರೆದಿದ್ದರು, ಅಮ್ಮ ನಕ್ಕಿದ್ದಕ್ಕೆ ಅದೊಂದನ್ನು ಬಿಟ್ಟರು. ಅವರು ಹೋಗಿ ಕೆಲವು ತಿಂಗಳಾಗಿತ್ತು. ಸ್ಟೂಲ್ ಹತ್ತಿ ಬಚ್ಚಲಿನ ಜೇಡರಬಲೆ ತೆಗೆಯುತ್ತಿದ್ದೆ. ಬಲ್ಬಿನ ಬುಡದಲ್ಲಿ ‘14-8-19’ ಅಂತ ಕಂಡಿತು. 9ರ ಬಾಲ ಯಾವಾಗಿನಂತೆ ಜಾಸ್ತಿ ಉದ್ದ. ಕೆಳಗಿಳಿಯೋಕೆ ಸ್ವಲ್ಪ ಹೊತ್ತು ಬೇಕಾಯಿತು.

ಅಲ್ಲಿಯವರೆಗೆ ಅಪ್ಪನ ನೆನಪಿಗೆ ಏನಾದರೂ ದೊಡ್ಡದು ಮಾಡಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಗೋಡೆ ತುಂಬುವ ಫೋಟೋ, ಅಚ್ಚು ಹಾಕಿಸಿದ ಪುಸ್ತಕ, ಹೀಗೆ. ಯಾವುದೂ ಆಗಲಿಲ್ಲ. ಆಗಿದ್ದೆಲ್ಲ ಭಾನುವಾರದ ಸಣ್ಣ ಕೆಲಸಗಳು. ಅವನ್ನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಹೋದವರು ಅಮ್ಮ ಆಗಿರಬಹುದು, ತಾರೀಖಿನ ಬದಲು ಬೇರೆ ಯಾವುದೋ ಅಭ್ಯಾಸ ಇದ್ದಿರಬಹುದು. ಕೆಲಸ ಅದೇ.

ಮೊದಲು ದನಿ

ಬಟ್ಟೆ, ಕನ್ನಡಕ, ಚಪ್ಪಲಿ ಯಾವುದಕ್ಕೂ ಆತುರ ಬೇಡ. ಅವು ಎಲ್ಲೂ ಹೋಗುವುದಿಲ್ಲ. ಆತುರ ಪಡಬೇಕಾದದ್ದು ಫೋನಿನಲ್ಲಿರುವ ದನಿಗೆ. ಫೋನ್ ಬಿದ್ದು ಒಡೆದರೆ, ಜಾಗ ಸಾಲದೆ ಯಾರೋ ಡಿಲೀಟ್ ಒತ್ತಿದರೆ ಮುಗಿಯಿತು.

ನನ್ನ ಹತ್ತಿರ ಉಳಿದಿದ್ದು ವಾಟ್ಸಾಪ್‌ನ 11 ಸೆಕೆಂಡಿನ ಒಂದು ವಾಯ್ಸ್ ಮೆಸೇಜ್. “ಪುಟ್ಟಿ, ಗೇಟಿನ ಚಿಲಕ ಹಾಕಿದ್ಯಾ? ಹಾಕಿದ್ರೆ ಸರಿ. ಹಾಕಿಲ್ಲಾಂದ್ರೆ ಈಗ್ಲೇ ಹೋಗಿ ಹಾಕು.” ಅಷ್ಟೇ. ಬೇರೆಯವರಿಗೆ ಏನೂ ಅಲ್ಲ.

ಮೆಸೇಜ್ ಮೇಲೆ ಬೆರಳು ಒತ್ತಿ ಹಿಡಿದು ಶೇರ್ ಮಾಡಿ, ನಿಮ್ಮದೇ ಇಮೇಲ್‌ಗೋ ಡ್ರೈವ್‌ಗೋ ಕಳಿಸಿಕೊಳ್ಳಿ. ಫೈಲಿನ ಹೆಸರಿನ ಕೊನೆಯಲ್ಲಿ ‘ಓಪಸ್’ ಅಂತ ಇರುತ್ತದೆ. ಅದನ್ನು ಹಾಗೇ ಇಡಿ, ಜೊತೆಗೆ ಎಂಪಿ3 ಮಾಡಿದ ಒಂದು ಪ್ರತಿಯೂ ಇರಲಿ, ಯಾವ ಹಳೇ ಸೆಟ್ಟಿನಲ್ಲಾದರೂ ಕೇಳಬಹುದು. ಇಡೀ ಮಾತುಕತೆ ಬೇಕಿದ್ದರೆ ಆ ಚಾಟ್ ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಮೀಡಿಯಾ ಸೇರಿಸಲೇ ಅಂತ ಕೇಳಿದಾಗ ಹೂಂ ಅನ್ನಿ. ತುಂಬಾ ಉದ್ದದ ಚಾಟ್ ಆದರೆ ಹಳೆಯ ಭಾಗ ಬಿಟ್ಟುಹೋಗುವುದುಂಟು. ಬಂದ ಫೈಲಿನಲ್ಲಿ ಮೊದಲ ತಾರೀಖು ಯಾವುದಿದೆ ಅಂತ ತೆರೆದು ನೋಡಿ.

ಅವರ ನಂಬರನ್ನು ಬೇಗ ರದ್ದು ಮಾಡಿಸಬೇಡಿ. ನಾವು ಮಾಡಿಸಿದೆವು, ಆಮೇಲೆ ಪರದಾಡಿದೆವು. ಬ್ಯಾಂಕು, ಇಮೇಲು ಎಲ್ಲದರ ಒಟಿಪಿ ಅದಕ್ಕೇ ಬರುತ್ತಿತ್ತು. ವಾಟ್ಸಾಪ್ ಖಾತೆ ಬಳಸದೆ 120 ದಿನ ಕಳೆದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಗೂಗಲ್ ಖಾತೆಯನ್ನು 2 ವರ್ಷ ಯಾರೂ ಮುಟ್ಟದಿದ್ದರೆ ಅದನ್ನೂ ಫೋಟೋಗಳ ಸಮೇತ ಅಳಿಸಬಹುದು. ಇನ್ನು ನಿಮ್ಮ ಸ್ವಂತ ಖಾತೆಗಳ ವಿಷಯ. ಗೂಗಲ್‌ನಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’, ಐಫೋನ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಅಂತ ಇದೆ. ನಮ್ಮ ನಂತರ ಯಾರು ತೆರೆಯಬಹುದು ಅಂತ ಈಗಲೇ ಹೇಳಿಡಬಹುದು. ಅರ್ಧ ಗಂಟೆಯ ಕೆಲಸ, ಮಕ್ಕಳಿಗೆ ಮುಂದೆ ನಮ್ಮ ಪಾಡು ಬರುವುದಿಲ್ಲ.

ಕ್ಯಾಸೆಟ್ ಸಿಕ್ಕಿದರೆ ಅದು ದೊಡ್ಡ ಅದೃಷ್ಟ. ನಮಗೆ ಒಂದು ಸಿಕ್ಕಿತು, 60 ನಿಮಿಷದ್ದು, ಬೀರುವಿನ ಕೆಳಗಿನ ಖಾನೆಯಲ್ಲಿ. ಟೇಪ್ ರೆಕಾರ್ಡರಿಗೆ ಹಾಕುವ ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸುವುದಿಲ್ಲ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ ಸಡಿಲ ಮಾಡಿಕೊಳ್ಳಿ. ಆಮೇಲೆ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಎಳೆದು, ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ವೇವ್ ಫೈಲ್ ಆಗಿ ಇಳಿಸಿಕೊಳ್ಳಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಸುಮಾರು 600 ಎಂಬಿ ಜಾಗ ಹಿಡಿಯುತ್ತದೆ.

ಒಂದು ಮಾತು. ಗದ್ದಲ ತೆಗೆಯೋಕೆ ಹೋಗಬೇಡಿ. ತೆಗೆಯಲೇಬೇಕಿದ್ದರೆ ಇನ್ನೊಂದು ಪ್ರತಿಯಲ್ಲಿ ತೆಗೆಯಿರಿ. ನಮ್ಮ ಕ್ಯಾಸೆಟ್ಟಿನಲ್ಲಿ ಅಪ್ಪ ಹಾಡುವ ಮೊದಲು ಕೆಮ್ಮುತ್ತಾರೆ. “ಇದು ಓಡ್ತಾ ಇದ್ಯಾ?” ಅಂತ ಕೇಳುತ್ತಾರೆ. ದೂರದಲ್ಲಿ ಅಮ್ಮ “ಓಡ್ತಾ ಇದೆ, ಹಾಡಿ” ಅನ್ನುತ್ತಾಳೆ. ಹಾಡು ಸುಮಾರಾಗಿದೆ. ನಾವು ಮತ್ತೆ ಮತ್ತೆ ಹಾಕುವುದು ಆ ಕೆಮ್ಮಿನ ಭಾಗವನ್ನೇ.

ಎಲ್ಲವನ್ನೂ 3 ಪ್ರತಿ ಇಡಿ, 2 ಬೇರೆ ಬೇರೆ ಬಗೆಯ ಸಾಧನದಲ್ಲಿ, 1 ಪ್ರತಿ ಮನೆಯಿಂದ ಹೊರಗೆ. ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಜನಕ್ಕೆ ಹೇಳಿಕೊಟ್ಟ ಸೂತ್ರ ಇದು. ನನ್ನದು ಲ್ಯಾಪ್‌ಟಾಪಿನಲ್ಲೊಂದು, ಡ್ರೈವ್‌ನಲ್ಲೊಂದು, ತಮ್ಮನ ಮನೆಯ ಹಾರ್ಡ್ ಡಿಸ್ಕಿನಲ್ಲೊಂದು. ಫೈಲಿನ ಹೆಸರಲ್ಲಿ ವರ್ಷ ಮೊದಲು ಬರಲಿ, ಆಮೇಲೆ ತಿಂಗಳು, ದಿನ. ಆಗ ತಾನಾಗಿ ಸಾಲಾಗಿ ನಿಲ್ಲುತ್ತವೆ. ಅಪ್ಪ ಜೀವನವಿಡೀ ದಿನವನ್ನೇ ಮೊದಲು ಬರೆದವರು. ಕಂಪ್ಯೂಟರಿಗೆ ಅದು ಹಿಡಿಸುವುದಿಲ್ಲ, ಏನು ಮಾಡೋದು.

ಕಾಗದ, ಫೋಟೋ

ಚೀಟಿಗಳಲ್ಲಿ ಮೊದಲು ಕೈಹಾಕಬೇಕಾದದ್ದು ನುಣುಪಾದ ಅಂಗಡಿ ಬಿಲ್ಲುಗಳಿಗೆ. ಅವು ಬಿಸಿಗೆ ಕಪ್ಪಾಗುವ ಕಾಗದ, ಅಕ್ಷರ ತಾನಾಗೇ ಮಾಯವಾಗುತ್ತದೆ. ಹಿಂದೆ ಏನಾದರೂ ಗೀಚಿದ್ದರೆ ಇವತ್ತೇ ಎರಡೂ ಕಡೆ ಫೋಟೋ ತೆಗೆಯಿರಿ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪು ತೆಗೆದುಬಿಡಿ. ಹರಿದಿದ್ದಕ್ಕೆ ಸೆಲೋ ಟೇಪ್ ಬೇಡ, ಅದು ಹಳದಿಯಾಗಿ ಅಂಟು ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸೋಕಾಗಲ್ಲ. ಅಪ್ಪ ನನ್ನ ಹಾಸ್ಟೆಲ್ಲಿಗೆ ಬರೆದ ಒಂದೇ ಒಂದು ಕಾಗದವನ್ನು ನಾನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ಕೆಡಿಸಿದ್ದೇನೆ. ಬಿಸಿಗೆ ಒಂದು ಮೂಲೆ ಮಡಚಿಕೊಂಡು ಅಂಟಿತು. ಆ ಮೂಲೆಯಲ್ಲಿ ಏನಿತ್ತು ಅಂತ ಈಗ ನನಗೂ ನೆನಪಿಲ್ಲ.

ಫೋಟೋದ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಗಟ್ಟಿ ಮೇಜಿನ ಮೇಲಿಟ್ಟು, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂದೆ ಮುಖದ ಮೇಲೆ ಉಬ್ಬಿ ಕಾಣುತ್ತದೆ. ಅಂಟು ಹಾಳೆಯ ಹಳೇ ಆಲ್ಬಂ ಇದ್ದರೆ ಕಿತ್ತು ತೆಗೆಯಬೇಡಿ. ಮೊದಲು ಪುಟವನ್ನು ಇದ್ದ ಹಾಗೇ ಮೊಬೈಲಿನಲ್ಲಿ ತೆಗೆಯಿರಿ. ಆಮೇಲೆ ಹಲ್ಲು ಸಂದಿಗೆ ಬಳಸುವ, ಮೇಣ ಹಚ್ಚದ ದಾರವನ್ನು ಫೋಟೋ ಅಡಿಯಲ್ಲಿ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಆಡಿಸಿ. ಬರದಿದ್ದರೆ ಬಿಟ್ಟುಬಿಡಿ. ಸ್ಕ್ಯಾನ್ ಮಾಡಿಸುವಾಗ ಸಾಧಾರಣ ಫೋಟೋಗೆ 300 ಡಿಪಿಐ ಸಾಕು, ಪಾಸ್‌ಪೋರ್ಟ್ ಅಳತೆಯ ಸಣ್ಣದಕ್ಕೆ 600 ಹೇಳಿ.

ಇದೆಲ್ಲ ಸುಲಭದ ಭಾಗ. ಫೋಟೋದಲ್ಲಿ ಇರುವವರ ಹೆಸರು ಗೊತ್ತಿರುವವರು ಒಬ್ಬೊಬ್ಬರೇ ಕಡಿಮೆಯಾಗುತ್ತಾ ಬರುತ್ತಾರಲ್ಲ, ಕಷ್ಟ ಅಲ್ಲಿದೆ. ಅಮ್ಮನನ್ನು ಕೂರಿಸಿಕೊಂಡು 80 ಫೋಟೋ ಒಂದೇ ಸಲ ತೋರಿಸಿದೆ. ಹತ್ತನೆಯದಕ್ಕೇ ಸುಸ್ತಾಗಿ “ಎಲ್ಲಾ ನಮ್ಮೋರೇ ಕಣೇ” ಅಂದುಬಿಟ್ಟಳು. ಈಗ ವಾರಕ್ಕೆ ಐದು ಫೋಟೋ, ಅರ್ಧ ಗಂಟೆ ಮೀರುವುದಿಲ್ಲ. ಫೋನಿನಲ್ಲಿ ರೆಕಾರ್ಡರ್ ಒತ್ತಿ ಪಕ್ಕದಲ್ಲಿ ಇಟ್ಟಿರುತ್ತೇನೆ, ಅವಳಿಗೆ ಹೇಳಿಯೇ.

‘ಇದು ಯಾರು’ ಅಂತ ಕೇಳಿದರೆ ಹೆಸರು ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ‘ಇದನ್ನು ತೆಗೆಯೋಕೆ ಸ್ವಲ್ಪ ಮೊದಲು ಏನಾಯ್ತು’ ಅಂತ ಕೇಳಿ ನೋಡಿ. ಅವರ ಮದುವೆಯ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಇದೆ. ಅಪ್ಪ ಮುಖ ಗಂಟಿಕ್ಕಿಕೊಂಡು ನಿಂತಿದ್ದಾರೆ. ಅಪ್ಪ ಆಗ ಸಿಡುಕರಿದ್ದರೇನೋ ಅಂತ ನಾನು ಅಂದುಕೊಂಡಿದ್ದೆ. ಅಮ್ಮ ಹೇಳಿದಳು, ಕೈಯಲ್ಲಿರುವ ವಾಚು ಗೆಳೆಯನದು, ಪಟ್ಟಿ ಸಡಿಲ. ಕೈ ಇಳಿಬಿಟ್ಟರೆ ಜಾರಿ ಬೀಳುತ್ತೆ ಅಂತ ಉಸಿರು ಬಿಗಿ ಹಿಡಿದು ನಿಂತಿದ್ದರಂತೆ. ಅದಕ್ಕೇ ಆ ಮುಖ.

ಬಾಗಿಲಿನ ಗೆರೆಗಳು

ಮಕ್ಕಳ ಎತ್ತರ ಗುರುತು ಹಾಕುವ ಚೌಕಟ್ಟು ನಿಮ್ಮ ಮನೆಯಲ್ಲೂ ಇರಬಹುದು. ನಮ್ಮದನ್ನು ಬಣ್ಣ ಹೊಡೆಯಲು ಬಂದವರು ಉಜ್ಜಿ, ಪ್ರೈಮರ್ ಬಳಿದು ನುಣ್ಣಗೆ ಮಾಡಿಟ್ಟರು. ತಪ್ಪು ಅವರದಲ್ಲ, ನಾನು ಹೇಳಿರಲಿಲ್ಲ. ನನ್ನ, ತಮ್ಮನ ಬಾಲ್ಯವೆಲ್ಲ ಒಂದು ಮಧ್ಯಾಹ್ನದಲ್ಲಿ ಹೋಯಿತು. ಬಣ್ಣಕ್ಕೆ ಮೊದಲು ಉದ್ದದ ಕಾಗದದ ಪಟ್ಟಿಯನ್ನು ನೆಲಕ್ಕೆ ತಾಗಿಸಿ ಚೌಕಟ್ಟಿಗೆ ಅಂಟಿಸಿ, ಪ್ರತಿ ಗೆರೆಯನ್ನೂ ಅದೇ ಮಟ್ಟದಲ್ಲಿ ಎಳೆದು, ಹೆಸರು ತಾರೀಖು ನಕಲು ಮಾಡಿಕೊಳ್ಳಿ. ಫೋಟೋವನ್ನೂ ತೆಗೆಯಿರಿ, ಆದರೆ ಫೋಟೋದಲ್ಲಿ ಅಳತೆ ಸಿಗುವುದಿಲ್ಲ.

ಮಗಳಿಗೆ ಈಗ ಪಟ್ಟಿಯ ಮೇಲೇ ಗುರುತು ಹಾಕುತ್ತೇವೆ. ಬರಿಗಾಲು, ಹಿಮ್ಮಡಿ ಗೋಡೆಗೆ, ನೋಟ ನೇರ, ತಲೆಯ ಮೇಲೆ ರಟ್ಟಿನ ಪುಸ್ತಕ. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ಕೂತಿರಬೇಕು. ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಳೆಯಿರಿ. ಬೆಳಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಸುಮಾರು 1 ಸೆಂಟಿಮೀಟರ್ ಎತ್ತರ ಇರುತ್ತೇವೆ, ದಿನವಿಡೀ ಓಡಾಡಿ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಳ್ಳುತ್ತವೆ. ಇದು ಗೊತ್ತಾದ ಮೇಲೆ ಮಗಳು ಬೆಳಗ್ಗೆಯೇ ಅಳೆಯಬೇಕು ಅಂತ ಹಟ ಹಿಡಿದಿದ್ದಾಳೆ.

ಒಂದೇ ಸಾಲಿನ ಪುಸ್ತಕ

ಅಪ್ಪ ಡೈರಿ ಬರೆಯುತ್ತಿದ್ದರು ಅಂದರೆ ತಪ್ಪಾಗುತ್ತದೆ. ಲೆಕ್ಕದ ಪುಸ್ತಕದ ಅಂಚಿನಲ್ಲಿ ಸಾಲು ಗೀಚುತ್ತಿದ್ದರು. ಒಂದು ಕಡೆ ಹೀಗಿದೆ: ‘ನಲ್ಲಿ ವಾಷರ್ ಬದಲು. ಪುಟ್ಟಿಗೆ ಜ್ವರ ಇಳಿದಿದೆ.’ ಎರಡೂ ಪಕ್ಕಪಕ್ಕ, ಒಂದೇ ಶಾಯಿ. ಎಷ್ಟು ರಾತ್ರಿ ಎಚ್ಚರ ಇದ್ದರು ಅನ್ನೋದರ ಸುದ್ದಿ ಇಲ್ಲ.

ನಾನೂ ಅದನ್ನೇ ಹಿಡಿದೆ. ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಅಂದವಾದ ಪುಸ್ತಕ ಕೊಳ್ಳಬೇಡಿ, ಅದರಲ್ಲಿ ಬರೆಯೋಕೆ ಭಯವಾಗುತ್ತದೆ. ತಾರೀಖು, ಒಂದು ಸಾಲು, ಸಾಕು. ‘ತುಂಬಾ ಖುಷಿಯಾಯಿತು’ ಅಂತ ಬರೆಯದೆ ಏನಾಯಿತೋ ಅದನ್ನು ಬರೆಯಿರಿ. ದಿನಾ ಬರೆಯಬೇಕೆಂದೇನಿಲ್ಲ. ನನ್ನದರಲ್ಲಿ ಎರಡು ತಿಂಗಳು ಖಾಲಿ ಇದೆ, ಏನೂ ಮುಳುಗಿಲ್ಲ. ಹುಟ್ಟುಹಬ್ಬ, ಪರೀಕ್ಷೆಯ ಅಂಕ ಬೇರೆಲ್ಲೋ ದಾಖಲಾಗಿರುತ್ತವೆ. ಇಲ್ಲಿ ಬೇರೆಲ್ಲೂ ದಾಖಲಾಗದವು ಬರಲಿ. ಮಗಳು ಶೂ ಲೇಸ್ ತಾನೇ ಕಟ್ಟಿದ್ದು. ಅಮ್ಮ ಯಾರನ್ನೂ ಕೇಳದೆ ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟಿದ್ದು, ಕಟ್ಟಿ ಎರಡು ಸಲ ರಸೀದಿ ತೋರಿಸಿದ್ದು. ನಾನು ಅಪ್ಪನ ಸ್ಪಾನರ್ ಹಿಡಿದು ಮೊದಲ ಸಲ ವಾಷರ್ ಹಾಕಿದ್ದು. ಅವರು ಮಾಡುತ್ತಿದ್ದ ಹಾಗೇ ಮೊದಲು ಮೇನ್ ವಾಲ್ವ್ ಮುಚ್ಚಿ, ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿದೆ. ಸ್ಕ್ರೂ ಬಿದ್ದೇ ಬಿತ್ತು, ಬಟ್ಟೆಯ ಮೇಲೆ.

ಇಂಥ ದಿನಗಳಲ್ಲೇ ತೊಂದರೆ. ತಿಥಿಯ ದಿನ ಮನಸ್ಸು ಮೊದಲೇ ತಯಾರಾಗಿರುತ್ತದೆ. ಸುಮ್ನೆ ಒಂದು ಮಂಗಳವಾರ ಏನೋ ಚೂರು ಒಳ್ಳೆಯದಾಗಿ, ಕೈ ಫೋನಿಗೆ ಹೋಗಿ, ಯಾರಿಗೆ ಮಾಡಲಿ ಅಂತ ನಿಲ್ಲುತ್ತದೆ. ‘ಅಪ್ಪ ಇದ್ದಿದ್ರೆ ಎಷ್ಟು ಸಂತೋಷಪಡ್ತಿದ್ರು’ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಿಂದ ಏನೂ ಆಗುವುದಿಲ್ಲ. ಅಪ್ಪ ಸಂತೋಷ ತೋರಿಸುವವರೇ ಅಲ್ಲ. ಅವರು ಪ್ರಶ್ನೆ ಕೇಳುತ್ತಿದ್ದರು.

ಅದಕ್ಕೆ ನಾನು ಕಂಡುಕೊಂಡ ದಾರಿ: ಆ ಸಾಲಿನ ಕೆಳಗೆ, ಅವರು ಏನು ಕೇಳುತ್ತಿದ್ದರೋ ಅದನ್ನು ಬರೆಯುವುದು. ಮಗಳು ಸೈಕಲ್ಲಿನ ಪಕ್ಕದ ಪುಟ್ಟ ಚಕ್ರ ಬಿಚ್ಚಿಸಿ ಇಡೀ ರಸ್ತೆ ಓಡಿಸಿದ ದಿನ ಹಾಗೇ ಬರೆದೆ. ‘ಬ್ರೇಕ್ ನೋಡಿದ್ಯಾ?’ ಪೆನ್ ಮುಚ್ಚಿಟ್ಟು ಹೊರಗೆ ಹೋಗಿ ನೋಡಿದೆ. ಹಿಂದಿನ ಬ್ರೇಕಿನ ಕೇಬಲ್ ಸಡಿಲವಾಗಿತ್ತು. ಬಿಗಿ ಮಾಡಿ ಬಂದೆ. ನಿಮ್ಮವರು ಬೇರೆ ಏನೋ ಕೇಳುತ್ತಿದ್ದರು. ಏನು ಅಂತ ತಟ್ಟನೆ ಹೊಳೆಯದಿದ್ದರೆ ಒಡಹುಟ್ಟಿದವರನ್ನು ಕೇಳಿ, ಅವರು ಮಿಮಿಕ್ರಿ ಮಾಡಿಯೇ ತೋರಿಸುತ್ತಾರೆ.

ಬಟ್ಟೆಬರೆಯ ವಿಷಯ ಎಲ್ಲರೂ ಕೇಳುತ್ತಾರೆ. ದಿನಾ ಹಾಕುತ್ತಿದ್ದ ಒಂದು ಶರ್ಟ್ ಇಟ್ಟುಕೊಳ್ಳಿ, ಉಳಿದವನ್ನು ಹಾಕಿಕೊಳ್ಳುವವರಿಗೆ ಕೊಡಿ. ಜೇಬು ಮಾತ್ರ ತಪ್ಪದೆ ನೋಡಿ.

ಬಚ್ಚಲಿನ ಬಲ್ಬ್ ಕಳೆದ ತಿಂಗಳು ಹೋಯಿತು. ಬುಡದ ಫೋಟೋ ತೆಗೆದುಕೊಂಡೆ. ಆದರೂ ಎಸೆಯೋಕೆ ಮನಸ್ಸಾಗದೆ ಡ್ರಾಯರಿನಲ್ಲಿ ಹಾಕಿದ್ದೆ. “ಸುಟ್ಟುಹೋಗಿರೋ ಬಲ್ಬನ್ನ ಯಾರಾದ್ರೂ ಇಟ್ಕೋತಾರಾ? ನಿಮ್ಮಪ್ಪನೇ ಬೈತಿದ್ರು” ಅಂದಳು ಅಮ್ಮ. ನಿಜ, ಬೈಯುತ್ತಿದ್ದರು. ಹಳೇ ಚಾರ್ಜರುಗಳ ಜೊತೆ ಇ-ತ್ಯಾಜ್ಯದ ಡಬ್ಬಕ್ಕೆ ಹಾಕಿಬಂದೆ. ಹೊಸ ಬಲ್ಬಿಗೆ ತಾರೀಖು ಬರೆಯುವ ಕೆಲಸವನ್ನು ಮಗಳು ಕಿತ್ತುಕೊಂಡಳು. 3 ಉಲ್ಟಾ ಬಿದ್ದಿದೆ. ಮಾರ್ಕರ್ ಒಣಗೋಕೆ ಮೊದಲೇ ಬೆರಳಿಟ್ಟು ಅರ್ಧ ಅಳಿಸಿದ್ದಾಳೆ. ತಿದ್ದದೆ ಹಾಗೇ ಹೋಲ್ಡರಿಗೆ ತಿರುಗಿಸಿ, ಸ್ವಿಚ್ ಹಾಕು ಅಂದೆ.