ಬಿಸಿಲು ನೋಡಿ ಮೀನಿಗೆ ಫೀಡ್ ಹಾಕಿದ್ದು: ನನ್ನ ಅನುಭವ

ತಿಲಾಪಿಯಾಕ್ಕೆ ಬೆಳಗ್ಗೆ ಒಂಬತ್ತರ ಮೊದಲು ಫೀಡ್ ಹಾಕುವುದಿಲ್ಲ, ಸಂಜೆ ನಾಲ್ಕು ದಾಟಿದ ಮೇಲೆ ಡಬ್ಬ ಮುಟ್ಟುವುದಿಲ್ಲ, ಭಾನುವಾರ ಪೂರ್ತಿ ಬಂದ್. ಹೀಗೆ ಹೇಳಿದಾಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಗೆಳೆಯರು ಯಾರೂ ನಂಬಲಿಲ್ಲ. "ಮೀನಿಗೂ ಏಕಾದಶಿಯಾ ಮಾರಾಯ್ರೆ?" ಎಂದು ಕೇಳಿದವರಿದ್ದಾರೆ. ಫೀಡ್ ಅಂಗಡಿಯವರಂತೂ ಮೀನು ಸೊರಗಿ ಹೋಗುತ್ತದೆ ಎಂದು ಹೆದರಿಸಿದರು. ಈ ಜುಲೈಯಲ್ಲಿ ಬಲೆ ಎಳೆದದ್ದನ್ನು ಕಂಡ ಮೇಲೆ ಅವರಲ್ಲೇ ಕೆಲವರು ಟೈಮಿಂಗ್ ಬರೆದುಕೊಂಡು ಹೋದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಕೆರೆ ಮಾಡುವುದು, ಸುಣ್ಣ ಹಾಕುವುದು, ಮರಿ ಬಿಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ನನ್ನದು ಎರಡು ಟರ್ಪಾಲು ಕೆರೆ, ಒಂದೊಂದು ಸುಮಾರು ಐದು ಸೆಂಟ್ಸ್. ಅಡಿಕೆ ತೋಟದ ಮೇಲಿನ ಮುರಕಲ್ಲು ಜಾಗದಲ್ಲಿ ತೋಡಿಸಿದ್ದು. ನೀರು ಸುರಂಗದ್ದು, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಗುಹೆಯದ್ದು. 2020ರಲ್ಲಿ ಕೇರಳ ಸರಕಾರದ ಸುಭಿಕ್ಷ ಕೇರಳಂ ಕೃಷಿ ಯೋಜನೆ ಬಂದಾಗ ನಮ್ಮ ಕಡೆ ಎಷ್ಟೋ ಜನ ಮೀನಿಗೆ ಇಳಿದರು, ನಾನೂ ಆಗಲೇ ಶುರು ಮಾಡಿದ್ದು. ಎರಡೂ ಕೆರೆಯಲ್ಲಿ ಅನುಮತಿ ಪಡೆದು ಬಿಟ್ಟ ಗಿಫ್ಟ್ (ಬೇಗ ಬೆಳೆಯುವಂತೆ ಸುಧಾರಿಸಿದ ತಳಿ) ತಿಲಾಪಿಯಾ, ಒಂದೊಂದರಲ್ಲಿ ಹೆಚ್ಚುಕಡಿಮೆ ಸಾವಿರ ಮರಿ.

ನನ್ನ ಲೆಕ್ಕಾಚಾರ ನಿಂತಿರುವುದು ಟ್ರಾಲಿಂಗ್ ನಿಷೇಧದ ಮೇಲೆ. ಜೂನ್ 10ರಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲರ್ ಬೋಟು ಕಡಲಿಗೆ ಇಳಿಯುವಂತಿಲ್ಲ. ಮಾರ್ಕೆಟಿನಲ್ಲಿ ಕಡಲ ಮೀನು ಕಡಿಮೆ, ಕೆರೆ ಮೀನಿಗೆ ಒಳ್ಳೆ ಕ್ರಯ. ಹಾಗಾಗಿ ಜನವರಿಯಲ್ಲಿ ಮರಿ ಬಿಟ್ಟು ಜುಲೈಯಲ್ಲಿ ಹಿಡಿಯುತ್ತೇನೆ. ತೊಂದರೆ ಬರುವುದೂ ಅಲ್ಲೇ. ಮೀನು ದಪ್ಪವಾಗಿ ಕೆರೆ ತುಂಬಿರುವ ಹೊತ್ತಿಗೇ ಮಳೆಗಾಲ ಹಿಡಿಯುತ್ತದೆ. ಬಿಸಿಲಿಲ್ಲ. ಗಾಳಿಮಳೆಗೆ ಕರೆಂಟು ಹೋಯಿತೋ, ನೀರಿಗೆ ಗಾಳಿ ಸೇರಿಸುವ ಏರಿಯೇಟರ್ ನಿಂತಿತು.

ಮೊದಲಿನ ಬೆಳೆಗಳಲ್ಲಿ ಎಲ್ಲರ ಹಾಗೆ ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಹಾಕುತ್ತಿದ್ದೆ. ಅಂಗಡಿಯವರು ಕೊಟ್ಟ ಚಾರ್ಟಿನಲ್ಲೂ ಅದೇ ಇತ್ತು. ತೋಟದ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ. ನಮಗೆ ಅನುಕೂಲ, ಮೀನಿಗಲ್ಲ. ಜೂನಿನ ಒಂದು ಬೆಳಗ್ಗೆ ಹೋಗಿ ನೋಡಿದರೆ ಕೆರೆ ತುಂಬ ಮೀನು ಮೇಲೆ ಬಂದು ಬಾಯಿ ತೆರೆದು ನಿಂತಿತ್ತು. ಸತ್ತದ್ದೆಲ್ಲ ದೊಡ್ಡವೇ, ಸಣ್ಣವಕ್ಕೆ ಏನೂ ಆಗಿರಲಿಲ್ಲ. ರೋಗ ಅಲ್ಲ, ಆಮ್ಲಜನಕ ಸಾಲದ್ದು ಎಂದು ಅದರಲ್ಲೇ ಗೊತ್ತಾಗುತ್ತದೆ. ಒಂದೆರಡನ್ನು ಸೀಳಿ ನೋಡಿದೆ. ಹಿಂದಿನ ಸಂಜೆಯ ಫೀಡ್ ಹೊಟ್ಟೆಯೊಳಗೆ ಕಂದು ಮುದ್ದೆಯಾಗಿ ಹಾಗೇ ಇತ್ತು, ಅರಗಿರಲಿಲ್ಲ.

ಆ ಬೆಳೆಯಲ್ಲಿ ಕೆರೆಯೊಂದಕ್ಕೆ 550 ಕಿಲೋದ ಆಸುಪಾಸು ಫೀಡ್ ಹೋಯಿತು. ಸಿಕ್ಕಿದ ಮೀನು 280 ಕಿಲೋ. ಫೀಡಿಗೆ ಕಿಲೋಗೆ ಸರಾಸರಿ 60 ರೂಪಾಯಿ ಹಿಡಿಯಿರಿ. ಒಂದು ಕಿಲೋ ಮೀನಿಗೆ ಫೀಡಿನ ಖರ್ಚೇ 118 ರೂಪಾಯಿ ಬಿತ್ತು. ಮರಿ, ಕರೆಂಟು, ಸುಣ್ಣ ಬೇರೆ. ಕೆರೆ ಬದಿಯಲ್ಲಿ 200 ರೂಪಾಯಿಗೆ ಕೊಟ್ಟರೆ ಕೈಗೆ ಏನು ಉಳಿಯಿತು ಹೇಳಿ?

ತಿಂದದ್ದು ಅರಗಿಸಲು ಮೀನಿಗೆ ಕೆಲವು ಗಂಟೆ ಆಮ್ಲಜನಕ ಜಾಸ್ತಿ ಬೇಕು. ಬಿಸಿಲಿಗೆ ನೀರಿನ ಪಾಚಿ ಅದನ್ನು ಬಿಡುವುದರಿಂದ ಮಧ್ಯಾಹ್ನ ದಾಟಿದ ಮೇಲೆ ತುಂಬ ಇರುತ್ತದೆ, ಸೂರ್ಯ ಹುಟ್ಟುವ ಮೊದಲು ತೀರಾ ಕಡಿಮೆ. ಸಂಜೆ ಆರಕ್ಕೆ ಹೊಟ್ಟೆ ತುಂಬಿಸಿದರೆ ರಾತ್ರಿಯಿಡೀ ಮೀನು ಒದ್ದಾಡಬೇಕು, ಅಷ್ಟೇ.

ಮುಂದಿನ ಬೆಳೆಗೆ ಒಂದು ಕೆರೆಯನ್ನು ಹಳೇ ಕ್ರಮದಲ್ಲೇ ಬಿಟ್ಟೆ, ಇನ್ನೊಂದಕ್ಕೆ ನನ್ನ ಕ್ರಮ. ಮರಿ ಒಂದೇ ಲಾಟಿನವು, ಫೀಡೂ ಒಂದೇ. ಮರಿ 20 ಗ್ರಾಂ ಆಗುವವರೆಗೆ ಒಂಬತ್ತು, ಹನ್ನೊಂದೂವರೆ, ಎರಡು, ನಾಲ್ಕು ಗಂಟೆಗೆ, ದಿನಕ್ಕೆ ನಾಲ್ಕು ಸಲ. ತಿಲಾಪಿಯಾದ ಹೊಟ್ಟೆ ಸಣ್ಣದು, ದಿನವಿಡೀ ಮೇಯುವ ಜಾತಿ, ಒಮ್ಮೆಲೇ ಸುರಿದರೆ ದಂಡ. ಆಮೇಲೆ ಮೂರು ಸಲ, ಅದರಲ್ಲಿ ಮಧ್ಯಾಹ್ನದ್ದೇ ದೊಡ್ಡ ಪಾಲು. ಮಳೆಗಾಲ ಹಿಡಿದ ಮೇಲೆ ಹತ್ತಕ್ಕೆ ಮತ್ತು ಎರಡೂವರೆಗೆ ಮಾತ್ರ. ಜಡಿಮಳೆ ಇದ್ದರೆ ಅರ್ಧ. ಎರಡು ದಿನ ಬಿಸಿಲೇ ಕಾಣದಿದ್ದರೆ ಏನೂ ಇಲ್ಲ.

ಎಷ್ಟು ಹಾಕಬೇಕು? ಸಣ್ಣದಿರುವಾಗ ದಿನಕ್ಕೆ ಮೀನಿನ ತೂಕದ ಶೇಕಡಾ 8, ಕೊನೆಗೆ ಶೇಕಡಾ 2 ಎಂಬುದು ಅಂದಾಜಿಗೆ ಮಾತ್ರ. ನಾನು ಕಿವಿಯಿಂದ ಅಳೆಯುತ್ತೇನೆ. ಹೋಸ್ ಪೈಪನ್ನು ಬಳೆಯ ಹಾಗೆ ಸೇರಿಸಿ ನೀರಿನ ಮೇಲೆ ತೇಲಬಿಟ್ಟಿದ್ದೇನೆ, ಫೀಡಿನ ಕಾಳು ಅದರೊಳಗೇ ಬೀಳುತ್ತದೆ. ಮೊದಲ ಹಿಡಿಗೆ ಪಟಪಟ ಸದ್ದು, ನೀರು ಮೊಣಕೈವರೆಗೆ ಸಿಡಿಯುತ್ತದೆ. ಏಳೆಂಟು ನಿಮಿಷದಲ್ಲಿ ಸದ್ದು ಇಳಿದು ಅಲ್ಲೊಂದು ಇಲ್ಲೊಂದು ಚಪ್ ಚಪ್ ಕೇಳುತ್ತದೆ. ಯಾವುದಾದರೂ ಮೀನು ಕಾಳನ್ನು ಬಾಯಿಗೆ ಹಾಕಿ ಹೊರಗೆ ಉಗುಳಿತೋ, ಅಲ್ಲಿಗೆ ನಿಲ್ಲಿಸಬೇಕು. ಉಳಿದದ್ದು ಮನೆಗೆ ವಾಪಸ್.

ಭಾನುವಾರ ಉಪವಾಸ ಬಿದ್ದ ಮೀನು ಸೋಮವಾರ ಮುಗಿಬಿದ್ದು ತಿನ್ನುತ್ತದೆ. ಆಸೆಗೆ ಬಿದ್ದು ಡಬಲ್ ಹಾಕಬೇಡಿ. ಹಿಂದೆ ಬಿದ್ದದ್ದನ್ನು ಅದು ತಾನೇ ಬೇಗ ಬೆಳೆದು ತುಂಬಿಸಿಕೊಳ್ಳುತ್ತದೆ. ಸೋಮವಾರದ ಮೊದಲ ಹಿಡಿಗೆ ನಾನೊಂದು ವಸ್ತು ಬೆರೆಸುತ್ತೇನೆ, ಅಡುಗೆಮನೆಯಲ್ಲೇ ಇರುವಂಥದ್ದು. ಅದನ್ನು ಈಗ ಹೇಳುವುದಿಲ್ಲ, ಇನ್ನೆರಡು ಬೆಳೆ ಆಗಲಿ.

ಏಪ್ರಿಲಿನಲ್ಲಿ ಬೀಸುಬಲೆ ಹಾಕಿ ತೂಗಿದಾಗ ಹಳೇ ಕ್ರಮದ ಮೀನು 150 ಗ್ರಾಂ, ನನ್ನದು 140 ಇತ್ತು. "ಸುಮ್ನೆ ಹಠ ಮಾಡಬೇಡ, ಹಾಕು" ಎಂದು ಅಣ್ಣ ಬೈದರು. ನಾನು ಬದಲಿಸಲಿಲ್ಲ. ಜೂನಿನಲ್ಲಿ ಹಳೇ ಕ್ರಮದ ಕೆರೆಯಲ್ಲಿ ಮತ್ತೆ ಮೀನು ತೇಲಿತು, ನನ್ನ ಕ್ರಮದ್ದರಲ್ಲಿ ಒಂದೂ ತೇಲಲಿಲ್ಲ. ಕೊನೆಗೆ ಹಳೇ ಕ್ರಮದ ಕೆರೆಯಲ್ಲಿ 540 ಕಿಲೋ ಫೀಡಿಗೆ 290 ಕಿಲೋ ಮೀನು. ನನ್ನ ಕ್ರಮದ್ದರಲ್ಲಿ 480 ಕಿಲೋ ಫೀಡಿಗೆ 350 ಕಿಲೋ, ಒಂದೊಂದು 380 ಗ್ರಾಂ ಹತ್ತಿರ. ಕಿಲೋ ಮೀನಿಗೆ ಫೀಡ್ ಖರ್ಚು 82 ರೂಪಾಯಿಗೆ ಇಳಿಯಿತು. ಫೀಡ್ ಕಳೆದು ನೋಡಿದರೆ ಒಂದೇ ಕೆರೆಯಲ್ಲಿ 15 ಸಾವಿರದಷ್ಟು ವ್ಯತ್ಯಾಸ. ಈ ವರ್ಷ ಎರಡೂ ಕೆರೆಗೆ ನನ್ನ ಕ್ರಮವೇ, ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿತು. ನಮ್ಮ ಸುತ್ತಿನಲ್ಲಿ ಇಷ್ಟು ಕಡಿಮೆ ಫೀಡಿಗೆ ಇಷ್ಟು ಮೀನು ತೆಗೆದವರನ್ನು ನಾನು ಕಂಡಿಲ್ಲ.

ತೋಟಕ್ಕೆ ನೀರು ಬಿಡುವ ಮಣ್ಣಿನ ಕೆರೆಯಲ್ಲಿ ಕಾಟ್ಲಾ, ರೋಹು ಎಂಬ ಗೆಂಡೆ ಜಾತಿಯ ಮೀನು ಇವೆ. ಅಲ್ಲಿ ಬೇರೆಯೇ ಒಂದು ಪ್ರಯೋಗ. ಪ್ರೋಟೀನ್ ಜಾಸ್ತಿ ಇರುವ ಆಹಾರ, ಕಡಿಮೆ ಇರುವ ಆಹಾರ ಎರಡನ್ನೂ ದಿನ ಬದಲಿಸಿ ಗೆಂಡೆ ಮೀನಿಗೆ ಕೊಟ್ಟು ನೋಡುವ ಕೆಲಸ 1990ರ ದಶಕದಲ್ಲೇ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಆಗಿದೆ, ಡಾ. ಎಂ.ಸಿ. ನಂದೀಶ ಅವರು ಮಾಡಿದ್ದು. ಅದನ್ನು ಹಿಡಿದು ನಾನು ಒಂದು ದಿನ ಅಂಗಡಿ ಫೀಡ್, ಮುಂದಿನ ಎರಡು ದಿನ ತೌಡು ಮತ್ತು ನೆಲಗಡಲೆ ಹಿಂಡಿ ಕೊಟ್ಟೆ. ಹಿಂಡಿಯನ್ನು ತೂತು ಮಾಡಿದ ಚೀಲದಲ್ಲಿ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡುವುದು, ಆಂಧ್ರದ ಕೊಲ್ಲೇರು ಕಡೆಯವರ ಕ್ರಮ. ಖರ್ಚು ಮೂರರಲ್ಲೊಂದು ಪಾಲು ಇಳಿಯಿತು, ಮೀನಿನ ಗಾತ್ರ ಇಳಿಯಲಿಲ್ಲ. ಅಗ್ಗ ಎಂದು ತೆಂಗಿನ ಹಿಂಡಿಯನ್ನೂ ತಂದಿದ್ದೆ. ಮಳೆಗೆ ಬೂಸಲು ಬಂದು ಎರಡು ಚೀಲ ಗುಂಡಿಗೆ ಹೋಯಿತು. ಬೂಸಲು ಹಿಡಿದದ್ದನ್ನು ಮಾತ್ರ ಮೀನಿಗೆ ಹಾಕಲೇಬೇಡಿ.

ಮೊದಲ ಮಳೆಗೆ ರೆಕ್ಕೆ ಗೆದ್ದಲು ಏಳುತ್ತದಲ್ವಾ, ಆಗ ಕೆರೆಯ ಮೇಲೆ ಒಂದು ಬಲ್ಬು ತೂಗು ಹಾಕಿದೆ. ಮೀನು ಹಾರಿ ಹಾರಿ ತಿಂದವು. ಪುಕ್ಕಟೆ ಪ್ರೋಟೀನ್ ನಿಜ, ಆದರೆ ರಾತ್ರಿಯ ಊಟ ಆಯಿತಲ್ಲ, ಅದಕ್ಕೇ ಎಂಟಕ್ಕೆಲ್ಲ ಲೈಟು ಆರಿಸುತ್ತೇನೆ.

ಆಸಾಂ ವಾಳ (ಪಂಗಾಸಿಯಸ್ ಮೀನು) ಸಾಕುವವರು ಈ ಟೈಮಿಂಗನ್ನು ಹೀಗೇ ಎತ್ತಿಕೊಳ್ಳಬೇಡಿ. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಮೀನು, ಜೂನಿನ ಬೆಳಗಿನ ಜಾವ ತಿಲಾಪಿಯಾದಷ್ಟು ಬೇಗ ಸೋಲುವುದಿಲ್ಲ. ನಾಲ್ಕು ಸಲ ಕೊಡುವ ಕೆಲಸವೂ ಅದಕ್ಕೆ ಬೇಡ, ಬೆಳೆದದ್ದಕ್ಕೆ ಎರಡು ಹೊತ್ತು ಸಾಕು.