ನಾಲ್ಕು ದಿನ ಕಮಿಟ್ ಆಗದ ಕೋಡ್: ಸಬ್‌ವರ್ಷನ್‌ನಿಂದ ಗಿಟ್‌ಗೆ ಬಂದ ನನ್ನ ಅನುಭವ

ನಾಲ್ಕು ದಿನದ ಕೆಲಸ ಒಂದೇ ಕ್ಷಣದಲ್ಲಿ ಹೋಯಿತು. ಡಿಸ್ಕ್ ಕೆಟ್ಟಿರಲಿಲ್ಲ, ಕರೆಂಟ್ ಹೋಗಿರಲಿಲ್ಲ. ನಾನೇ ಆರಿಸಿದ ಒಂದು ಆಯ್ಕೆ ಅದನ್ನು ಅಳಿಸಿತ್ತು.

ಆಗ ನಮ್ಮ ತಂಡ ಸಬ್‌ವರ್ಷನ್ ಬಳಸುತ್ತಿತ್ತು. ಕೋಡ್ ಬದಲಾದಾಗೆಲ್ಲ ಅದರ ದಾಖಲೆ ಇಡುವ ಸಾಧನ ಅದು, ಗಿಟ್ ಕೂಡ ಇಂಥದ್ದೇ. ಬದಲಾವಣೆಯನ್ನು ದಾಖಲಿಸುವುದಕ್ಕೆ ಕಮಿಟ್ ಅನ್ನುತ್ತಾರೆ, ಸಬ್‌ವರ್ಷನ್‌ನಲ್ಲಿ ಅದು ನೇರ ಸರ್ವರ್‌ಗೆ ಹೋಗುತ್ತದೆ. ಬಿಲ್ ಲೆಕ್ಕ ಹಾಕುವ ಮಾಡ್ಯೂಲನ್ನು ಪೂರ್ತಿ ಬಿಚ್ಚಿ ಮತ್ತೆ ಬರೆಯುತ್ತಿದ್ದೆ. ಅರ್ಧ ಬರೆದಾಗ ಬಿಲ್ಡ್ ಆಗುತ್ತಿರಲಿಲ್ಲ, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಾಗುತ್ತಿರಲಿಲ್ಲ. ಬಿಲ್ಡ್ ಆಗದ್ದನ್ನು ಕಮಿಟ್ ಮಾಡಿದರೆ ಉಳಿದ ಆರು ಜನರ ಕೆಲಸ ನಿಲ್ಲುತ್ತದೆ. ಹಾಗಾಗಿ ನಾಲ್ಕು ದಿನ ಕಮಿಟ್ ಮಾಡಲೇ ಇಲ್ಲ. ಐದನೇ ದಿನ ಅಪ್‌ಡೇಟ್ ಮಾಡಿ ಸರ್ವರ್‌ನಲ್ಲಿದ್ದ ಹೊಸ ಬದಲಾವಣೆಗಳನ್ನು ತಂದುಕೊಂಡೆ. ಅದೇ ಫೈಲನ್ನು ಇನ್ನೊಬ್ಬರೂ ಮುಟ್ಟಿದ್ದರು, ಕಾನ್‌ಫ್ಲಿಕ್ಟ್ ಬಂತು. ಏನು ಮಾಡಲಿ ಅಂತ ಸಬ್‌ವರ್ಷನ್ ಕೇಳಿತು. ನಾನು 'ಥೇರ್ಸ್ ಫುಲ್' ಆರಿಸಿದೆ. ಜಗಳ ಬಿದ್ದ ನಾಲ್ಕು ಸಾಲುಗಳಲ್ಲಿ ಮಾತ್ರ ಅವರದ್ದನ್ನು ಇಟ್ಟುಕೊಳ್ಳುತ್ತದೆ ಅಂದುಕೊಂಡಿದ್ದೆ. ಅದಕ್ಕೆ 'ಥೇರ್ಸ್ ಕಾನ್‌ಫ್ಲಿಕ್ಟ್' ಅನ್ನುವ ಬೇರೆ ಆಯ್ಕೆಯೇ ಇದೆ. ನಾನು ಆರಿಸಿದ್ದು ಇಡೀ ಫೈಲನ್ನು ಸರ್ವರ್‌ನಲ್ಲಿ ಇದ್ದ ಹಾಗೆ ಮಾಡಿತು. ನಾನು ಬರೆದದ್ದಕ್ಕೆ ಬೇರೆಲ್ಲೂ ಪ್ರತಿ ಇರಲಿಲ್ಲ.

ಬ್ರಾಂಚ್, ಅಂದರೆ ಕೋಡ್‌ನ ಬೇರೆ ಕವಲು, ಮಾಡಿಕೊಳ್ಳಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಮಾಡಬಹುದಿತ್ತು. ಆದರೆ ನಮ್ಮ ತಂಡಕ್ಕೆ ಹಳೆಯ ಭಯವೊಂದಿತ್ತು. 2008ರಲ್ಲಿ 1.5 ಆವೃತ್ತಿ ಬರುವವರೆಗೆ, ಯಾವ ರಿವಿಷನ್‌ಗಳು (ನಂಬರ್ ಬಿದ್ದ ಕಮಿಟ್‌ಗಳು) ಈಗಾಗಲೇ ಮರ್ಜ್ ಆಗಿವೆ, ಅಂದರೆ ಒಂದು ಬ್ರಾಂಚಿನಿಂದ ಇನ್ನೊಂದಕ್ಕೆ ಸೇರಿವೆ ಅನ್ನುವುದನ್ನು ಸಬ್‌ವರ್ಷನ್ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಕೆಲವರು ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಒಂದು ನಂಬರ್ ತಪ್ಪಿದರೂ ಅದೇ ಬದಲಾವಣೆ ಎರಡು ಸಲ ಬರುತ್ತಿತ್ತು. 1.5 ಬಂದ ಮೇಲೂ ಆ ಭಯ ಹೋಗಲಿಲ್ಲ. ಬ್ರಾಂಚ್ ಅಂದರೆ ರಿಲೀಸ್‌ಗೆ ಮಾತ್ರ ಅನ್ನುವುದು ರೂಢಿಯಾಗಿಬಿಟ್ಟಿತ್ತು.

ಇದೆಲ್ಲ ಆದದ್ದು 2012ರಲ್ಲಿ. ಆ ವಾರದಿಂದ ಸಂಜೆ ಬಿಡುವಿನ ನಮ್ಮ ಹರಟೆಗೆ ಇದೇ ವಿಷಯ. ಮೂರು ಪಕ್ಷಗಳಿದ್ದವು.

ನಮ್ಮಲ್ಲೇ ಹಿರಿಯರೊಬ್ಬರು ಸಬ್‌ವರ್ಷನ್ ಕಡೆಗೆ. ಅವರು ಸಬ್‌ವರ್ಷನ್‌ಗಿಂತ ಹಳೆಯ ಸಾಧನವಾದ ಸಿವಿಎಸ್ ಕಾಲದಿಂದ ಬಂದವರು. ಸಿವಿಎಸ್‌ನಲ್ಲಿ ಹತ್ತು ಫೈಲ್ ಕಮಿಟ್ ಮಾಡುವಾಗ ಐದಾದ ಮೇಲೆ ನೆಟ್‌ವರ್ಕ್ ಕಡಿದರೆ, ಐದು ಒಳಗೆ ಹೋಗಿ ಐದು ಹೊರಗೇ ಉಳಿಯುತ್ತಿದ್ದವು. ಒಂದೊಂದು ಫೈಲಿಗೂ ಒಂದೊಂದು ನಂಬರ್. 2004ರಲ್ಲಿ ಬಂದ ಸಬ್‌ವರ್ಷನ್ 1.0 ಇದನ್ನು ಸರಿಪಡಿಸಿತ್ತು: ಹೋದರೆ ಎಲ್ಲ ಒಟ್ಟಿಗೆ, ಇಲ್ಲದಿದ್ದರೆ ಏನೂ ಇಲ್ಲ. "ನೋಡಿ, 4812 ಅಂದ್ರೆ ಇಡೀ ಪ್ರಾಜೆಕ್ಟಿನ 4812. ಟೆಸ್ಟಿಂಗ್‌ನವರಿಗೆ ಫೋನಲ್ಲೇ ಹೇಳಬಹುದು. ನಿಮ್ಮ ಗಿಟ್‌ನ 40 ಅಕ್ಷರದ ಹ್ಯಾಶ್ ಫೋನಲ್ಲಿ ಹೇಗೆ ಹೇಳ್ತೀರಿ?" ಅನ್ನುತ್ತಿದ್ದರು. ಗಿಟ್ ಪ್ರತಿ ಕಮಿಟ್‌ಗೆ ನಂಬರ್ ಬದಲು ಕೊಡುವ ಉದ್ದದ ಗುರುತೇ ಹ್ಯಾಶ್. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತಿನ ಹಿಂದೆ ಪಟ್ಟ ಪಾಡಿತ್ತು, ಅದಕ್ಕೇ ಅದಕ್ಕೆ ತೂಕವೂ ಇತ್ತು.

ಇನ್ನೊಬ್ಬ ಗೆಳೆಯನದು ಮರ್ಕ್ಯುರಿಯಲ್ ಪಕ್ಷ. ಅದೂ ಇಂಥದ್ದೇ ಸಾಧನ. ಗಿಟ್ ಮತ್ತು ಮರ್ಕ್ಯುರಿಯಲ್ ಎರಡೂ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಕಾರಣವೂ ಒಂದೇ. ಲಿನಕ್ಸ್ ಕರ್ನಲ್ ಬರೆಯುವವರಿಗೆ, ಅವರು ಬಳಸುತ್ತಿದ್ದ ಬಿಟ್‌ಕೀಪರ್ ಅನ್ನುವ ಸಾಧನ ಪುಕ್ಕಟೆ ಸಿಗುವುದು ನಿಂತಿತು. ಏಪ್ರಿಲ್ 3ಕ್ಕೆ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತರು, 7ರ ಹೊತ್ತಿಗೆ ಗಿಟ್‌ನ ಕೋಡ್ ಗಿಟ್‌ನಲ್ಲೇ ಇತ್ತು. ಅದೇ ತಿಂಗಳು ಮರ್ಕ್ಯುರಿಯಲ್ ಕೂಡ ಹೊರಬಂತು. "ಎರಡರ ಒಳಗಿನ ಯೋಚನೆ ಒಂದೇ. ಆದ್ರೆ ಮರ್ಕ್ಯುರಿಯಲ್ ಕಮಾಂಡ್‌ಗಳು ಅರ್ಥ ಆಗ್ತವೆ" ಅನ್ನುತ್ತಿದ್ದ ಗೆಳೆಯ. ನಿಜವೇ. ಆಗ ಗಿಟ್‌ನಲ್ಲಿ ಚೆಕ್‌ಔಟ್ ಅನ್ನುವ ಒಂದೇ ಕಮಾಂಡ್ ಬ್ರಾಂಚ್ ಬದಲಿಸುತ್ತಿತ್ತು, ಫೈಲಿನಲ್ಲಿ ಬರೆದದ್ದನ್ನು ಅಳಿಸಿಯೂ ಹಾಕುತ್ತಿತ್ತು. ಸ್ವಿಚ್, ರಿಸ್ಟೋರ್ ಅಂತ ಎರಡು ಬೇರೆ ಕಮಾಂಡ್‌ಗಳು ಬರಲು 2019 ಆಗಬೇಕಾಯಿತು.

ಹುಡುಗರೆಲ್ಲ ಗಿಟ್ ಕಡೆ. "ಫಾಸ್ಟ್" ಅನ್ನುವುದು ಅವರ ವಾದ. ಫಾಸ್ಟ್ ಹೌದು. ಆದರೆ ನನಗೆ ಅದು ಮುಖ್ಯ ಅನಿಸಲಿಲ್ಲ.

ನನಗೆ ಬೇಕಾಗಿದ್ದು ಬೇರೆ. ಬಿಲ್ಡ್ ಆಗದಿದ್ದರೂ, ಯಾರಿಗೂ ತೊಂದರೆ ಕೊಡದೆ, ನನ್ನ ಕೆಲಸವನ್ನು ಹತ್ತು ನಿಮಿಷಕ್ಕೊಮ್ಮೆ ಉಳಿಸಿಡುವ ದಾರಿ ಬೇಕಿತ್ತು. ಸಬ್‌ವರ್ಷನ್‌ನಲ್ಲಿ ಕಮಿಟ್ ಅಂದರೆ ಎಲ್ಲರ ಕೈಗೆ ಕೊಡುವುದು. ಗಿಟ್‌ನಲ್ಲಿ ಕಮಿಟ್ ಅಂದರೆ ನನ್ನ ಮೆಷಿನ್‌ನಲ್ಲಿ ನನಗೇ ಬರೆದುಕೊಳ್ಳುವುದು, ಪುಶ್ ಅಂದರೆ ಕೊಡುವುದು. ಇದು ಗೊತ್ತಾದ ದಿನ ನನ್ನ ಮಟ್ಟಿಗೆ ವಾದ ಮುಗಿಯಿತು. ಮರ್ಕ್ಯುರಿಯಲ್‌ನಲ್ಲೂ ಹೀಗೇ ಇದೆ, ಗೆಳೆಯ ಹೇಳಿದ್ದು ಸರಿ. ಆದರೆ ತಂಡದಲ್ಲಿ ನಾಲ್ಕು ಜನ ಆಗಲೇ ಗಿಟ್ ಕಲಿತಿದ್ದರು. ಸಿಕ್ಕಿಕೊಂಡಾಗ ಪಕ್ಕದಲ್ಲಿ ಕೇಳಲು ಜನ ಇರುವುದು ನನಗೆ ಕಮಾಂಡ್‌ಗಳ ಚಂದಕ್ಕಿಂತ ದೊಡ್ಡದಾಗಿ ಕಂಡಿತು.

ಮೊದಲು ತಂಡವನ್ನು ಒಪ್ಪಿಸಲು ಹೋಗಲಿಲ್ಲ. ಸರ್ವರ್‌ನಲ್ಲಿ ಸಬ್‌ವರ್ಷನ್ ಹಾಗೇ ಇರಲಿ ಅಂತ ಬಿಟ್ಟು, ನನ್ನ ಮೆಷಿನ್‌ನಲ್ಲಿ ಮಾತ್ರ ಎರಡಕ್ಕೂ ಸೇತುವೆಯಾಗುವ ಗಿಟ್ ಎಸ್‌ವಿಎನ್ ಹಾಕಿಕೊಂಡೆ. ಒಳಗೆ ಎಷ್ಟು ಸಲ ಬೇಕಾದರೂ ಕಮಿಟ್ ಮಾಡುತ್ತಿದ್ದೆ. ಕೆಲಸ ಮುಗಿದ ಮೇಲೆ ಅವನ್ನು ಒಟ್ಟುಮಾಡಿ ಡಿಕಮಿಟ್ ಕೊಟ್ಟರೆ ಸಬ್‌ವರ್ಷನ್‌ಗೆ ಹೋಗುತ್ತಿತ್ತು. ಉಳಿದವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಐದು ತಿಂಗಳು ಹೀಗೇ ನಡೆಸಿದೆ. ಬದಲಾಯಿಸಬೇಕು ಅಂತ ಆಸೆ ಇರುವವರಿಗೆ ನಾನು ಹೇಳುವುದು ಇದನ್ನೇ: ಮೊದಲು ಒಬ್ಬರೇ ಬಳಸಿ ನೋಡಿ. ಎಲ್ಲಿ ಕೈ ಸುಡುತ್ತದೆ ಅಂತ ನಿಮಗೇ ಮೊದಲು ಗೊತ್ತಾಗುತ್ತದೆ.

ಆಮೇಲೆ ಇಡೀ ರೆಪೊವನ್ನು (ಕೋಡ್ ಮತ್ತು ಅದರ ಇತಿಹಾಸ ಇರುವ ಭಂಡಾರವನ್ನು) ಗಿಟ್‌ಗೆ ಬದಲಿಸುವ ಕೆಲಸ ನನ್ನ ತಲೆಗೇ ಬಂತು. ಸುಮಾರು 11 ಸಾವಿರ ರಿವಿಷನ್‌ಗಳು. ಮೊದಲು ಬೇಕಾಗಿದ್ದು ಹೆಸರಿನ ಪಟ್ಟಿ. ಸಬ್‌ವರ್ಷನ್ ಕಮಿಟ್‌ನಲ್ಲಿ ಇರುವುದು ಯೂಸರ್‌ನೇಮ್ ಮಾತ್ರ, ಗಿಟ್‌ಗೆ ಹೆಸರೂ ಬೇಕು, ಇಮೇಲೂ ಬೇಕು. ಎಂದೋ ತಂಡ ಬಿಟ್ಟು ಹೋದವರ ಯೂಸರ್‌ನೇಮ್‌ಗಳು ಯಾರದ್ದು ಅಂತ ಹುಡುಕುವುದಕ್ಕೇ ಒಂದು ದಿನ ಹಿಡಿಯಿತು. ಪಟ್ಟಿಯಲ್ಲಿ ಒಬ್ಬರು ಬಿಟ್ಟುಹೋದರೂ ಕ್ಲೋನ್, ಅಂದರೆ ಇತಿಹಾಸ ಸಮೇತ ನಕಲು ಮಾಡುವುದು, ಅಲ್ಲಿಗೇ ನಿಲ್ಲುತ್ತದೆ. ಸಂಜೆ ಶುರು ಮಾಡಿ ಮನೆಗೆ ಹೋದೆ. ಬೆಳಗ್ಗೆ ನೋಡಿದರೆ 3 ಸಾವಿರದ ಹತ್ತಿರ ನಿಂತಿತ್ತು, ಒಬ್ಬರ ಹೆಸರಿಗಾಗಿ.

ಅದು ಮುಗಿದ ಮೇಲೆ ಟ್ಯಾಗ್‌ಗಳು, ಅಂದರೆ ರಿಲೀಸ್‌ಗಳಿಗೆ ಹಾಕಿಟ್ಟ ಹೆಸರಿನ ಗುರುತುಗಳು. ಸಬ್‌ವರ್ಷನ್‌ನಲ್ಲಿ ಟ್ಯಾಗ್ ಅಂದರೆ ಬರೀ ಒಂದು ಫೋಲ್ಡರಿನ ನಕಲು. ಹಾಗಾಗಿ ಈ ಕಡೆ ಅವು ಬ್ರಾಂಚ್‌ಗಳಾಗಿ ಬಂದವು. ಅವನ್ನು ನಿಜವಾದ ಟ್ಯಾಗ್ ಮಾಡಲು ಸಣ್ಣ ಸ್ಕ್ರಿಪ್ಟ್ ಬರೆದೆ. ಎರಡು ಟ್ಯಾಗ್‌ಗಳಲ್ಲಿ ಯಾರೋ ಆಮೇಲೆ ಕಮಿಟ್ ಮಾಡಿದ್ದೂ ಆಗ ಗೊತ್ತಾಯಿತು. ಗ್ರಾಹಕರಿಗೆ ಕೊಟ್ಟ ರಿಲೀಸ್ ಬೇರೆ, ಟ್ಯಾಗ್‌ನಲ್ಲಿದ್ದದ್ದು ಬೇರೆ!

ನಾನು ಎಣಿಸದೇ ಇದ್ದ ತೊಂದರೆ ಖಾಲಿ ಫೋಲ್ಡರಿನದು. ಗಿಟ್ ಫೈಲ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ, ಖಾಲಿ ಫೋಲ್ಡರ್ ಅದಕ್ಕೆ ಕಾಣುವುದೇ ಇಲ್ಲ. ನಮ್ಮ ಪ್ರೋಗ್ರಾಂ ಶುರುವಾಗುವಾಗ ಲಾಗ್ ಬರೆಯಲು ಒಂದು ಫೋಲ್ಡರ್ ಹುಡುಕುತ್ತಿತ್ತು. ಹೊಸ ಕ್ಲೋನ್‌ನಲ್ಲಿ ಅದು ಇಲ್ಲ, ಪ್ರೋಗ್ರಾಂ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ಕಾರಣ ಹುಡುಕಲು ಅರ್ಧ ದಿನ ಹೋಯಿತು. ಫೋಲ್ಡರಿನಲ್ಲಿ ಡಾಟ್ ಗಿಟ್‌ಕೀಪ್ ಅನ್ನುವ ಖಾಲಿ ಫೈಲ್ ಇಟ್ಟೆವು. ಈ ಹೆಸರು ಜನ ಮಾಡಿಕೊಂಡ ರೂಢಿ ಅಷ್ಟೇ, ಗಿಟ್‌ಗೆ ಅದು ಇನ್ನೊಂದು ಫೈಲ್. ಸಾಲು ಮುಗಿಯುವ ರೀತಿಯದ್ದೂ ಇಂಥದ್ದೇ ಕಥೆ. ಸಾಲಿನ ಕೊನೆಯ ಗುರುತು ವಿಂಡೋಸ್‌ನಲ್ಲಿ ಬೇರೆ, ಲಿನಕ್ಸ್‌ನಲ್ಲಿ ಬೇರೆ. ಸಬ್‌ವರ್ಷನ್‌ನಲ್ಲಿ ಫೈಲಿಗೆ ಅಂಟಿಸಿದ್ದ ಪ್ರಾಪರ್ಟಿಗಳು ಗಿಟ್‌ಗೆ ಬರುವುದಿಲ್ಲ. ಸಾಲಿನ ಕೊನೆ ಹೇಗಿರಬೇಕು ಅಂತ ಹೇಳುವ ಡಾಟ್ ಗಿಟ್‌ಅಟ್ರಿಬ್ಯೂಟ್ಸ್ ಫೈಲನ್ನು ಮೊದಲ ದಿನವೇ ಬರೆದಿಡಿ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಒಬ್ಬರು ಫೈಲ್ ಸೇವ್ ಮಾಡಿದರೆ ಎಲ್ಲ ಸಾಲೂ ಬದಲಾದ ಹಾಗೆ ಕಾಣುತ್ತದೆ.

ಇನ್ನು ಗಾತ್ರ. ಕ್ಲೋನ್ ಮಾಡಿದವರಿಗೆಲ್ಲ ಇಡೀ ಇತಿಹಾಸ ಬರುತ್ತದೆ. ಎಂದೋ ಕಮಿಟ್ ಮಾಡಿ ಮರುದಿನ ಅಳಿಸಿದ್ದ ಇನ್‌ಸ್ಟಾಲರ್‌ಗಳೂ ಅದರಲ್ಲಿ ಕೂತಿದ್ದವು. ಯಾರಿಗೂ ಕೊಡುವ ಮುಂಚೆಯೇ ಅವನ್ನು ಇತಿಹಾಸದಿಂದ ತೆಗೆದೆ. ಕೊಟ್ಟ ಮೇಲೆ ತೆಗೆದರೆ ಅಲ್ಲಿಂದ ಮುಂದಿನ ಎಲ್ಲ ಹ್ಯಾಶ್‌ಗಳೂ ಬದಲಾಗುತ್ತವೆ, ಎಲ್ಲರೂ ಮತ್ತೆ ಕ್ಲೋನ್ ಮಾಡಬೇಕಾಗುತ್ತದೆ.

ಡಿಸೈನ್ ಮಾಡುವವರ ಫೈಲ್‌ಗಳನ್ನು ಮಾತ್ರ ಸಬ್‌ವರ್ಷನ್‌ನಲ್ಲೇ ಬಿಟ್ಟೆ. ಇದಕ್ಕೆ ಹುಡುಗರು ನನ್ನ ಮೇಲೆ ಮುನಿಸಿಕೊಂಡರು. ಆದರೆ ಯೋಚನೆ ಮಾಡಿ: ಒಂದು ಚಿತ್ರದ ಫೈಲನ್ನು ಇಬ್ಬರು ಬದಲಿಸಿದರೆ ಮರ್ಜ್ ಮಾಡುವುದು ಹೇಗೆ? ಆಗುವುದಿಲ್ಲ. ಒಬ್ಬರು ಹಿಡಿದಾಗ ಇನ್ನೊಬ್ಬರು ಮುಟ್ಟಬಾರದು, ಅಷ್ಟೇ. ಸಬ್‌ವರ್ಷನ್‌ನಲ್ಲಿ ಲಾಕ್ ಇದೆ. ಲಾಕ್ ಬೇಕೇ ಬೇಕು ಅಂತ ಗುರುತು ಹಾಕಿದರೆ, ಅದನ್ನು ತೆಗೆದುಕೊಳ್ಳುವವರೆಗೆ ಫೈಲ್ ಓದಲು ಮಾತ್ರ ಸಿಗುತ್ತದೆ. ಮುಂದೆ 2015ರಲ್ಲಿ ದೊಡ್ಡ ಫೈಲ್‌ಗಳಿಗಾಗಿ ಗಿಟ್ ಎಲ್‌ಎಫ್‌ಎಸ್ ಬಂತು. ಅದಾದ ಮೇಲೂ ನಾವು ಆ ರೆಪೊವನ್ನು ಮುಟ್ಟಲಿಲ್ಲ. ಡಿಸೈನ್‌ನವರಿಗೆ ಅದರಲ್ಲಿ ಯಾವ ಕಷ್ಟವೂ ಇರಲಿಲ್ಲ.

ನಂಬರಿನ ಪ್ರಶ್ನೆಗೂ ಈ ಹೊತ್ತಿಗೆ ಉತ್ತರ ಸಿಕ್ಕಿತು. ನಮ್ಮ ಪ್ರೋಗ್ರಾಂನ 'ಅಬೌಟ್' ಪರದೆಯಲ್ಲಿ ರಿವಿಷನ್ ನಂಬರ್ ಕಾಣಿಸುತ್ತಿತ್ತು, ಟೆಸ್ಟಿಂಗ್‌ನವರು ಅದನ್ನೇ ನೋಡಿ ಬಗ್ ಬರೆಯುತ್ತಿದ್ದರು. ಗಿಟ್ ಡಿಸ್ಕ್ರೈಬ್ ಕೊಟ್ಟರೆ ಹಿಂದಿನ ಟ್ಯಾಗ್ ಯಾವುದು, ಅದಾದ ಮೇಲೆ ಎಷ್ಟು ಕಮಿಟ್ ಆಗಿವೆ, ಈಗಿನ ಹ್ಯಾಶ್‌ನ ಮೊದಲ ಕೆಲವು ಅಕ್ಷರ ಏನು ಅನ್ನುವುದು ಒಂದೇ ಸಾಲಿನಲ್ಲಿ ಬರುತ್ತದೆ. ಬಿಲ್ಡ್ ಮಾಡುವಾಗ ಅದನ್ನೇ ಪರದೆಗೆ ಹಾಕಿದೆ. "3.2 ಆದ ಮೇಲೆ 47" ಅಂತ ಫೋನಲ್ಲೂ ಹೇಳಬಹುದು.

ಹಿರಿಯರಿಗೆ ಇಷ್ಟು ಸಾಕಾಗಲಿಲ್ಲ. ಅವರ ಮನಸ್ಸು ಬದಲಾದದ್ದು ತಂಡ ಗಿಟ್‌ಗೆ ಬಂದ ಮೂರನೇ ವಾರ, ಅದೂ ಒಂದು ಅನಾಹುತದಿಂದ. ಹೊಸಬರೊಬ್ಬರು ಪುಶ್ ಆಗುತ್ತಿಲ್ಲ ಅಂತ ಫೋರ್ಸ್ ಹಾಕಿದರು, ಅಂದರೆ ಸರ್ವರ್‌ನಲ್ಲಿದ್ದದ್ದರ ಮೇಲೆ ತಮ್ಮದನ್ನು ಬಲವಂತವಾಗಿ ಹೇರಿದರು. ಸರ್ವರ್‌ನ ಮುಖ್ಯ ಬ್ರಾಂಚಿನಿಂದ ಎರಡು ದಿನದ 14 ಕಮಿಟ್‌ಗಳು ಕಾಣೆಯಾದವು. ಅದರಲ್ಲಿ ಹಿರಿಯರದ್ದೇ ಜಾಸ್ತಿ. ಅವರ ಮುಖ ಬಾಡಿತು. ನಾನು ಅವರ ಮೆಷಿನ್‌ನಲ್ಲೇ ಕೂತು ರಿಫ್ಲಾಗ್ ತೆಗೆದೆ. ಬ್ರಾಂಚ್ ಯಾವಾಗ ಎಲ್ಲಿತ್ತು ಅನ್ನುವುದೆಲ್ಲ ಸಾಲಾಗಿ ಇತ್ತು. ಬೆಳಗ್ಗಿನ ಸಾಲನ್ನು ಹುಡುಕಿ, ಅಲ್ಲಿಂದ ಹೊಸ ಬ್ರಾಂಚ್ ಮಾಡಿ, ಮತ್ತೆ ಪುಶ್ ಮಾಡಿದೆ. ಹದಿನಾಲ್ಕೂ ವಾಪಸ್ ಬಂದವು. ಬ್ರಾಂಚಿನಿಂದ ಕಳಚಿಕೊಂಡ ಕಮಿಟ್‌ಗಳ ಜಾಡು ಕೂಡ ರಿಫ್ಲಾಗ್‌ನಲ್ಲಿ, ನಾವು ಏನೂ ಬದಲಿಸದಿದ್ದರೆ, 30 ದಿನ ಇರುತ್ತದೆ ಅಂತ ಹೇಳಿದೆ. "ಹಾಗಾದ್ರೆ ಕಮಿಟ್ ಮಾಡಿದ್ದು ಹೋಗಲ್ಲ ಅನ್ನಿ" ಅಂದರು. ಕಮಿಟ್ ಮಾಡಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕಮಿಟ್ ಮಾಡದ್ದು ಗಿಟ್‌ನಲ್ಲೂ ಹೋಗುತ್ತದೆ. ಅಂಥದ್ದನ್ನು ಅಳಿಸಿಹಾಕುವ ಹಾರ್ಡ್ ರೀಸೆಟ್ ಕೊಡುವ ಮುಂಚೆ ಇದು ನೆನಪಿರಲಿ. ಅವತ್ತೇ ಸರ್ವರ್‌ನಲ್ಲಿ ಫೋರ್ಸ್ ಪುಶ್ ಬರದ ಹಾಗೆ ಸೆಟ್ಟಿಂಗ್ ಹಾಕಿದೆ. ಮೊದಲ ದಿನವೇ ಹಾಕಬೇಕಿತ್ತು.

ತಪ್ಪು ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕುವ ಬೈಸೆಕ್ಟ್ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಎರಡು ರಿಲೀಸ್‌ಗಳ ನಡುವೆ ಎಲ್ಲೋ ರೌಂಡಿಂಗ್ ಲೆಕ್ಕ ತಪ್ಪಿತ್ತು. ನಡುವೆ 700 ಕಮಿಟ್‌ಗಳು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಳಿದರೆ ಗಿಟ್ ಪ್ರತಿ ಸಲ ನಡುವಿನದನ್ನು ತೆಗೆದು ಕೊಡುತ್ತದೆ, ಹುಡುಕುವ ಜಾಗ ಪ್ರತಿ ಸಲ ಅರ್ಧವಾಗುತ್ತದೆ. ಹತ್ತೇ ಸಲಕ್ಕೆ ಸಿಕ್ಕಿತು. ಆ ಕಮಿಟ್‌ನಲ್ಲಿ ಬದಲಾಗಿದ್ದು ಆರು ಸಾಲು, ಹಾಗಾಗಿ ತಪ್ಪು ಕಣ್ಣಿಗೆ ಹೊಡೆಯಿತು. ಅದು ನನ್ನ ಹಳೆಯ ನಾಲ್ಕು ದಿನದ ಕೆಲಸದಂಥದ್ದನ್ನು ಒಟ್ಟಿಗೆ ಹಾಕಿದ ಕಮಿಟ್ ಆಗಿದ್ದರೆ, ಬೈಸೆಕ್ಟ್ ಅದರವರೆಗೆ ತಂದು ಬಿಡುತ್ತಿತ್ತು, ಅಲ್ಲಿಂದ ಮುಂದೆ ಸಾವಿರ ಸಾಲುಗಳನ್ನು ನಾನೇ ಓದಬೇಕಿತ್ತು.

ಆದರೆ ಹತ್ತು ನಿಮಿಷಕ್ಕೊಂದು ಕಮಿಟ್ ಮಾಡಿದರೆ ಅರ್ಧಕ್ಕರ್ಧ ಬಿಲ್ಡ್ ಆಗುವುದಿಲ್ಲ, ಬಿಲ್ಡ್ ಆಗದಲ್ಲಿ ಬೈಸೆಕ್ಟ್ ಕೈಕೊಡುತ್ತದೆ. ಹಾಗಾಗಿ ಪುಶ್ ಮಾಡುವ ಮುಂಚೆ ರೀಬೇಸ್ ಮಾಡಿ, ಅಂದರೆ ಕಮಿಟ್‌ಗಳನ್ನು ಹೊಸದಾಗಿ ಬರೆದು, ಚೂರುಗಳನ್ನು ಕೂಡಿಸಿ, ಒಂದೊಂದೂ ಬಿಲ್ಡ್ ಆಗುವ ಹಾಗೆ ಜೋಡಿಸುತ್ತೇನೆ. ಮರ್ಕ್ಯುರಿಯಲ್ ಗೆಳೆಯನಿಗೆ ಇದು ಇಂದಿಗೂ ಹಿಡಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೇ ಇಡಬೇಕು ಅನ್ನುತ್ತಾನೆ. ಸಿಕ್ವೆಲೈಟ್ ಡೇಟಾಬೇಸ್ ಬರೆದ ರಿಚರ್ಡ್ ಹಿಪ್ ಅವರದ್ದೂ ಅದೇ ನಿಲುವು, ಅವರು ಬರೆದ ಫಾಸಿಲ್ ಅನ್ನುವ ಇಂಥದ್ದೇ ಸಾಧನದಲ್ಲಿ ರೀಬೇಸ್ ಬೇಕೆಂದೇ ಇಟ್ಟಿಲ್ಲ. ಪುಶ್ ಆದದ್ದರ ಬಗ್ಗೆ ನಾನೂ ಅವರ ಕಡೆಯೇ. ಅದು ಎಲ್ಲರದ್ದು, ಮುಟ್ಟಬಾರದು. ಪುಶ್ ಆಗುವವರೆಗೆ ಅದು ನನ್ನ ಕರಡು, ತಿದ್ದುವ ಹಕ್ಕು ನನ್ನದು.

ಈಗಿನ ವಾದ ಸ್ಕ್ವಾಶ್ ಬಗ್ಗೆ. ಬ್ರಾಂಚ್ ಮರ್ಜ್ ಮಾಡುವಾಗ ಎಲ್ಲವನ್ನೂ ಒಂದೇ ಕಮಿಟ್ ಮಾಡಿದರೆ ಇತಿಹಾಸ ಚೊಕ್ಕವಾಗಿರುತ್ತದೆ ಅನ್ನುತ್ತಾರೆ ಹುಡುಗರು. ನಾನು ಬೈಸೆಕ್ಟ್‌ನ ಆ ಆರು ಸಾಲನ್ನು ನೆನಪಿಸುತ್ತೇನೆ. ಸದ್ಯಕ್ಕೆ ಸಣ್ಣ ಬ್ರಾಂಚ್‌ಗಳಿಗೆ ಸ್ಕ್ವಾಶ್, ದೊಡ್ಡದಕ್ಕೆ ಬೇಡ ಅಂತ ಒಪ್ಪಂದ ಮಾಡಿಕೊಂಡಿದ್ದೇವೆ. ಯಾವುದು ಸಣ್ಣದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.